ಆಹಾರ ಮತ್ತು ಧೂಮಪಾನದ ಅಧ್ಯಯನಗಳಲ್ಲಿ ಅಳತೆಯ ದೋಷ: ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟು ನಾರಿನಂಶ ತಿಂದರೆ ಕರುಳಿನ ಕ್ಯಾನ್ಸರ್ ಇಷ್ಟು ಕಡಿಮೆ, ದಿನಕ್ಕೆ ಇಷ್ಟು ಸಿಗರೇಟು ಸೇದಿದರೆ ಹೃದಯಾಘಾತ ಇಷ್ಟು ಹೆಚ್ಚು ಎಂಬ ವರದಿಗಳ ತಳದಲ್ಲಿ ಇರುವುದು ಬಹುಮಟ್ಟಿಗೆ ಜನರು ತಾವೇ ಹೇಳಿಕೊಂಡ ಲೆಕ್ಕ. ಆ ಲೆಕ್ಕದ ತಪ್ಪನ್ನು ಅಳೆಯುವುದು ಹೇಗೆ, ತಿದ್ದುವುದು ಹೇಗೆ, ತಿದ್ದಿದರೂ ಉಳಿಯುವುದೇನು ಎಂದು ವೈದ್ಯಕೀಯ ವಿದ್ಯಾರ್ಥಿಗಳು, ಸಂಖ್ಯಾಶಾಸ್ತ್ರ ಓದುವವರು ಮತ್ತು ಆರೋಗ್ಯ ಸುದ್ದಿಯನ್ನು ಸಂದೇಹದಿಂದ ಓದುವವರು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಲಾಗಿದೆ. ಕೊನೆಯ ಭಾಗಕ್ಕೆ ಸಂಖ್ಯಾಶಾಸ್ತ್ರದ ಅಲ್ಪ ಪರಿಚಯವಿದ್ದರೆ ಅನುಕೂಲ.

## ಆರಂಭದ ಪ್ರಶ್ನೆಗಳು

ನಿನ್ನೆ ಏನು ತಿಂದೆ ಎಂದು ನನಗೇ ಸರಿಯಾಗಿ ನೆನಪಿಲ್ಲ. ಇಂಥ ನೆನಪಿನ ಮೇಲೆ ಅಧ್ಯಯನ ನಡೆಸುವುದು ಹೇಗೆ?

ಸಾಮಾನ್ಯವಾಗಿ ಮೂರು ಸಾಧನಗಳಿವೆ. ಕಳೆದ ಒಂದು ವರ್ಷದಲ್ಲಿ ಯಾವ ಪದಾರ್ಥವನ್ನು ಎಷ್ಟು ಸಲ ತಿಂದಿರಿ ಎಂದು ಕೇಳುವ ಆಹಾರ ಆವರ್ತನ ಪ್ರಶ್ನಾವಳಿ ಮೊದಲನೆಯದು. ಹಿಂದಿನ 24 ಗಂಟೆಗಳಲ್ಲಿ ತಿಂದದ್ದನ್ನು ಕೇಳಿ ಬರೆದುಕೊಳ್ಳುವುದು ಎರಡನೆಯದು. ತಿನ್ನುವಾಗಲೇ ತೂಗಿಯೋ ಅಂದಾಜು ಮಾಡಿಯೋ ದಿನಚರಿ ಬರೆಯುವುದು ಮೂರನೆಯದು. ಸಂಶೋಧಕರಿಗೆ ಬೇಕಾಗಿರುವುದು ವರ್ಷಗಟ್ಟಲೆ ನಡೆದುಬಂದ ರೂಢಿಯ ಸೇವನೆ. ಆದ್ದರಿಂದ ನೆನಪು ಪೂರ್ತಿ ಸರಿಯಾಗಿದ್ದರೂ ಒಂದು ದಿನದ ಲೆಕ್ಕ ಸಾಲುವುದಿಲ್ಲ. ಏಕಾದಶಿಯ ದಿನ ಕೇಳಿದರೆ ಒಂದು ಉತ್ತರ, ಮದುವೆ ಊಟದ ಮರುದಿನ ಕೇಳಿದರೆ ಇನ್ನೊಂದು.

ನಮ್ಮ ಅಡುಗೆಮನೆಗಳಲ್ಲಿ ಇದು ಇನ್ನಷ್ಟು ತೊಡಕಾಗುತ್ತದೆ. ಮುದ್ದೆ ಎಷ್ಟು ಎಂದು ಕೇಳಿದರೆ ಎಣಿಸಿ ಹೇಳಬಹುದು, ಆದರೆ ಒಂದು ಮನೆಯ ಮುದ್ದೆಯ ಗಾತ್ರ ಇನ್ನೊಂದು ಮನೆಯಲ್ಲಿರುವುದಿಲ್ಲ. ಎರಡು ಸೌಟು ಸಾರಿನಲ್ಲಿ ಬೇಳೆ ಎಷ್ಟು, ಉಪ್ಪು ಎಷ್ಟು, ಒಗ್ಗರಣೆಯ ಎಣ್ಣೆ ಎಷ್ಟು ಎಂಬುದು ಬಡಿಸಿಕೊಂಡವರಿಗೆ ತಿಳಿದಿರುವುದೇ ಇಲ್ಲ. ಹೇಳಿದ್ದನ್ನು ಪೋಷಕಾಂಶಗಳಾಗಿ ಪರಿವರ್ತಿಸಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಂಥ ಆಧಾರ ಬೇಕು. ಅದರಲ್ಲಿ 528 ಆಹಾರಗಳ ವಿಶ್ಲೇಷಣೆಯಿದೆ. ಆದರೂ ಕೋಷ್ಟಕದ ರಾಗಿಗೂ ನಿಮ್ಮ ತಟ್ಟೆಯ ರಾಗಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಸಾವಿರಾರು ಜನರನ್ನು ಕೇಳಿದರೆ ತಪ್ಪುಗಳು ಒಂದಕ್ಕೊಂದು ವಜಾ ಆಗುವುದಿಲ್ಲವೇ?

ಸರಾಸರಿಯ ಮಟ್ಟಿಗೆ ಆಗುತ್ತದೆ. ಸಂಬಂಧದ ಮಟ್ಟಿಗೆ ಆಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ಒಬ್ಬರು ಹೆಚ್ಚು, ಮತ್ತೊಬ್ಬರು ಕಡಿಮೆ ಹೇಳಿದಾಗ ಊರಿನ ಸರಾಸರಿ ಹೆಚ್ಚುಕಡಿಮೆ ಸರಿಯಾಗಿಯೇ ಬರಬಹುದು. ಆದರೆ ಹೆಚ್ಚು ತಿನ್ನುವವರೆಂದು ನಾವು ಗುರುತಿಸಿದ ಗುಂಪಿನಲ್ಲಿ ಆಕಸ್ಮಿಕವಾಗಿ ಹೆಚ್ಚು ಹೇಳಿದವರೂ ಸೇರಿಕೊಂಡಿರುತ್ತಾರೆ. ಕಡಿಮೆಯವರ ಗುಂಪಿನಲ್ಲಿ ಆಕಸ್ಮಿಕವಾಗಿ ಕಡಿಮೆ ಹೇಳಿದವರು ಇರುತ್ತಾರೆ. ಹೀಗಾಗಿ ಎರಡು ಗುಂಪುಗಳ ನಡುವಿನ ನಿಜವಾದ ಅಂತರವು ನಾವು ಅಳೆದ ಅಂತರಕ್ಕಿಂತ ಚಿಕ್ಕದು, ಮತ್ತು ಚಿಕ್ಕ ಅಂತರ ತಂದ ಪರಿಣಾಮವನ್ನು ನಾವು ದೊಡ್ಡ ಅಂತರದ ಲೆಕ್ಕಕ್ಕೆ ಬರೆಯುತ್ತೇವೆ.

ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಸರಳ ಸೂತ್ರವಿದೆ. ಜನರ ನಡುವಿನ ನಿಜವಾದ ಏರಿಳಿತವನ್ನು, ಆ ಏರಿಳಿತ ಮತ್ತು ದೋಷದ ಏರಿಳಿತ ಎರಡರ ಮೊತ್ತದಿಂದ ಭಾಗಿಸಿದರೆ ಕುಗ್ಗಿಸುವ ಗುಣಾಂಕ ಸಿಗುತ್ತದೆ. ಇಲ್ಲಿ ಏರಿಳಿತವೆಂದರೆ ಸಂಖ್ಯಾಶಾಸ್ತ್ರದ ವೇರಿಯನ್ಸ್. ಎರಡೂ ಸಮನಾಗಿದ್ದರೆ ಗುಣಾಂಕ 0.5, ಆಗ ನಿಜವಾಗಿ 2 ಇರುವ ಸಾಪೇಕ್ಷ ಅಪಾಯ (ಒಂದು ಗುಂಪಿನ ಅಪಾಯ ಇನ್ನೊಂದರ ಎಷ್ಟು ಪಟ್ಟು ಎಂಬ ಲೆಕ್ಕ; 1 ಎಂದರೆ ವ್ಯತ್ಯಾಸವಿಲ್ಲ) 1.41 ಎಂದು ಕಾಣಿಸುತ್ತದೆ. ಈ ಕುಗ್ಗುವಿಕೆಯನ್ನು ಸರಿಪಡಿಸುವ ವಿಧಾನವನ್ನು ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ಕೊಟ್ಟಿದ್ದರು. ವೈದ್ಯಕೀಯದಲ್ಲಿ ಇದರ ತೂಕ ಎಲ್ಲರಿಗೂ ಮನವರಿಕೆಯಾದದ್ದು ರಕ್ತದೊತ್ತಡದ ಮೂಲಕ: 1990ರಲ್ಲಿ ಒಂಬತ್ತು ಅಧ್ಯಯನಗಳ ಸುಮಾರು 4,20,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ಒಂದೇ ಸಲ ಅಳೆದುದರಿಂದ ಬಂದ ದೋಷವನ್ನು ತಿದ್ದಿದಾಗ, ರಕ್ತದೊತ್ತಡಕ್ಕೂ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೂ ಇರುವ ಸಂಬಂಧ ತಿದ್ದದ ಲೆಕ್ಕಕ್ಕಿಂತ ಸುಮಾರು 60 ಪ್ರತಿಶತ ಬಲವಾಗಿ ಕಂಡಿತು.

ಜನಸಂಖ್ಯೆಯನ್ನು ಹತ್ತುಪಟ್ಟು ಮಾಡಿದರೆ ಈ ಕುಗ್ಗುವಿಕೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ತಪ್ಪು ಉತ್ತರವೇ ಹೆಚ್ಚು ನಿಖರವಾಗಿ ಸಿಗುತ್ತದೆ, ಅಷ್ಟೆ.

ಸಿಗರೇಟು ಎಣಿಸುವುದು ಸುಲಭವಲ್ಲವೇ? ಅದರಲ್ಲಿ ತಪ್ಪೇನು ಬರುತ್ತದೆ?

ಊಟಕ್ಕಿಂತ ಸುಲಭ, ನಿಜ. ಆದರೂ ಉತ್ತರಗಳು 10, 20 ಎಂಬ ದುಂಡು ಸಂಖ್ಯೆಗಳ ಬಳಿ ರಾಶಿ ಬೀಳುತ್ತವೆ, ಏಕೆಂದರೆ ಸೇದುವವರು ಪ್ಯಾಕಿನ ಲೆಕ್ಕದಲ್ಲಿ ನೆನಪಿಡುತ್ತಾರೆ. ಬೀಡಿಯಾದರೆ ಕಟ್ಟಿನ ಲೆಕ್ಕದಲ್ಲಿ. ಎಣಿಕೆ ಸರಿಯಾಗಿದ್ದರೂ ಒಬ್ಬರು ಆಳವಾಗಿ ಎಳೆದು ತುದಿಯವರೆಗೆ ಸೇದುತ್ತಾರೆ, ಮತ್ತೊಬ್ಬರು ಅರ್ಧಕ್ಕೇ ಎಸೆಯುತ್ತಾರೆ. ಮೂವತ್ತು ವರ್ಷಗಳ ಹಿಂದೆ ಎಷ್ಟು ಸೇದುತ್ತಿದ್ದಿರಿ ಎಂಬ ಪ್ರಶ್ನೆಗೆ ಬಹುಪಾಲು ಜನ ಇಂದಿನ ಅಭ್ಯಾಸವನ್ನೇ ಹಿಂದಕ್ಕೆ ಚಾಚಿ ಹೇಳುತ್ತಾರೆ. ಕೇಳಿದ ಮೇಲೆ ಅಭ್ಯಾಸ ಬದಲಾಗುವುದು ಇನ್ನೊಂದು ತೊಡಕು: 1951ರಲ್ಲಿ ಆರಂಭವಾದ ಬ್ರಿಟಿಷ್ ವೈದ್ಯರ ಅಧ್ಯಯನದಲ್ಲಿ 34,439 ಪುರುಷ ವೈದ್ಯರಿಗೆ ಮುಂದಿನ ದಶಕಗಳಲ್ಲೂ ಮತ್ತೆ ಮತ್ತೆ ಪ್ರಶ್ನಾವಳಿ ಕಳುಹಿಸಿದ್ದು ವ್ಯರ್ಥ ಶ್ರಮವಲ್ಲ. ಆರಂಭದಲ್ಲಿ ಸೇದುತ್ತಿದ್ದು ನಡುವೆ ಬಿಟ್ಟವರನ್ನು ಕೊನೆಯವರೆಗೂ ಸೇದಿದವರೆಂದೇ ಎಣಿಸಿದ್ದರೆ ತಂಬಾಕಿನ ಹಾನಿ ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತಿತ್ತು.

ಮುಚ್ಚಿಡುವವರ ಪ್ರಶ್ನೆ ಬೇರೆ. ಗರ್ಭಿಣಿಯರು, ವೈದ್ಯರು ಬಿಡಲು ಹೇಳಿರುವ ರೋಗಿಗಳು, ಹೆಂಗಸರು ಸೇದುವುದನ್ನು ಒಪ್ಪದ ಊರುಗಳ ಹೆಂಗಸರು ಇಲ್ಲವೆನ್ನುವ ಸಾಧ್ಯತೆ ಹೆಚ್ಚು. ಇದು ಯಾದೃಚ್ಛಿಕ, ಅಂದರೆ ಆಕಸ್ಮಿಕವಾಗಿ ಎರಡೂ ಕಡೆಗೆ ಚದುರುವ ದೋಷವಲ್ಲ, ಒಂದೇ ದಿಕ್ಕಿಗೆ ವಾಲಿದ ದೋಷ.

ಎಲ್ಲರೂ ಒಂದೇ ರೀತಿ ಕಡಿಮೆ ಹೇಳಿದರೆ ಅಧ್ಯಯನಕ್ಕೆ ತೊಂದರೆಯೇನು?

ಎಲ್ಲರೂ ಒಂದೇ ಪ್ರಮಾಣವನ್ನು, ಉದಾಹರಣೆಗೆ 200 ಕ್ಯಾಲೊರಿಯನ್ನು, ಬಿಟ್ಟು ಹೇಳಿದರೆ ಸಂಬಂಧದ ಲೆಕ್ಕ ಕೆಡುವುದಿಲ್ಲ. ಎಲ್ಲರೂ ಅರ್ಧದಷ್ಟು ಮಾತ್ರ ಹೇಳಿದರೆ ಪ್ರತಿ ಗ್ರಾಮಿನ ಪರಿಣಾಮ ಇಮ್ಮಡಿಯಾಗಿ ತೋರುತ್ತದೆ, ಕುಗ್ಗುವುದಿಲ್ಲ. ಆದರೆ ಜನ ಹಾಗೆ ಸಮನಾಗಿ ಹೇಳುವುದಿಲ್ಲ. ದೇಹತೂಕ ಹೆಚ್ಚಿದಷ್ಟೂ ಶಕ್ತಿಯ ಸೇವನೆಯನ್ನು ಹೆಚ್ಚು ಇಳಿಸಿ ಹೇಳುತ್ತಾರೆ ಎಂಬುದು ಹಲವು ದೇಶಗಳಲ್ಲಿ ಕಂಡ ಸಂಗತಿ.

## ದೋಷವನ್ನು ಅಳೆಯುವುದು, ತಿದ್ದುವುದು

ನಿಜವಾದ ಪ್ರಮಾಣವೇ ಗೊತ್ತಿಲ್ಲದಿರುವಾಗ ತಪ್ಪು ಎಷ್ಟು ಎಂದು ಹೇಗೆ ತಿಳಿಯುತ್ತದೆ?

ಬಾಯಿಮಾತನ್ನು ನಂಬದ ಕೆಲವು ಸಾಕ್ಷಿಗಳಿವೆ. ಡ್ಯೂಟೀರಿಯಂ ಮತ್ತು ಆಮ್ಲಜನಕ-18 ಬೆರೆಸಿದ ನೀರನ್ನು ಕುಡಿಸಿ, ಮುಂದಿನ ಸುಮಾರು ಎರಡು ವಾರ ಮೂತ್ರದಲ್ಲಿ ಅವು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂದು ನೋಡಿದರೆ ದೇಹ ಖರ್ಚು ಮಾಡಿದ ಶಕ್ತಿ ತಿಳಿಯುತ್ತದೆ. ತೂಕ ಸ್ಥಿರವಾಗಿದ್ದವರಲ್ಲಿ ಖರ್ಚಾದದ್ದೇ ಸೇವಿಸಿದ್ದು. ತಿಂದ ಪ್ರೋಟೀನಿನ ಸಾರಜನಕದಲ್ಲಿ ಸುಮಾರು 80 ಪ್ರತಿಶತ ಮೂತ್ರದಲ್ಲಿ ಹೊರಬರುವುದರಿಂದ 24 ಗಂಟೆಯ ಮೂತ್ರದಿಂದ ಪ್ರೋಟೀನನ್ನು ಲೆಕ್ಕ ಹಾಕಬಹುದು. ಸೋಡಿಯಂ, ಪೊಟ್ಯಾಸಿಯಂಗಳಿಗೂ ಇದೇ ದಾರಿ. ಇಂಥ ಖಚಿತ ಸೂಚಕಗಳು ಬೆರಳೆಣಿಕೆಯಷ್ಟೇ ಇವೆ. ಕೊಬ್ಬಿಗೆ ಇಲ್ಲ, ನಾರಿಗೆ ಇಲ್ಲ, ತರಕಾರಿಗೂ ಇಲ್ಲ. ರಕ್ತದಲ್ಲಿರುವ ಕ್ಯಾರೊಟಿನ್ ತರಕಾರಿಯ ಸುಳಿವು ಕೊಡುತ್ತದೆಯಾದರೂ ಅದು ದೇಹತೂಕ ಮತ್ತು ಧೂಮಪಾನಗಳಿಂದಲೂ ಬದಲಾಗುವುದರಿಂದ ಅದನ್ನು ಗ್ರಾಮುಗಳಾಗಿ ಪರಿವರ್ತಿಸಲಾಗದು.

ಈ ಸಾಕ್ಷಿಗಳನ್ನು ಬಳಸಿದ ಅಧ್ಯಯನಗಳಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 1999–2000ರಲ್ಲಿ ಮೇರಿಲ್ಯಾಂಡಿನ 484 ಜನರ ಮೇಲೆ ನಡೆಸಿದ ‘ಓಪನ್’ ಅಧ್ಯಯನ ಮುಖ್ಯವಾದುದು. ಅದರ ಫಲಿತಾಂಶ ಪೋಷಣಾ ಸಂಶೋಧಕರನ್ನು ತಲೆತಗ್ಗಿಸುವಂತೆ ಮಾಡಿತು ಎಂದರೆ ಅತಿಶಯವಲ್ಲ. ಆವರ್ತನ ಪ್ರಶ್ನಾವಳಿಯಲ್ಲಿ ಜನ ತಮ್ಮ ಶಕ್ತಿಯ ಸೇವನೆಯನ್ನು ಸುಮಾರು ಮೂರನೇ ಒಂದು ಭಾಗದಷ್ಟು ಇಳಿಸಿ ಹೇಳಿದ್ದರು. ಕುಗ್ಗಿಸುವ ಗುಣಾಂಕ ಶಕ್ತಿಗೆ 0.04ರಿಂದ 0.08, ಪ್ರೋಟೀನಿಗೆ 0.14ರಿಂದ 0.16. ಅಂದರೆ ಪ್ರೋಟೀನಿನಿಂದ ಅಪಾಯ ನಿಜವಾಗಿ ಇಮ್ಮಡಿಯಾಗುತ್ತಿದ್ದರೂ ಪ್ರಶ್ನಾವಳಿಯಲ್ಲಿ ಅದು 1.1ರ ಆಸುಪಾಸಿನಲ್ಲಿ ಕಾಣುತ್ತಿತ್ತು. ಒಟ್ಟು ಶಕ್ತಿಗೆ ಹೋಲಿಸಿ ಪ್ರೋಟೀನಿನ ಪಾಲನ್ನು ತೆಗೆದುಕೊಂಡಾಗ ಗುಣಾಂಕ 0.3ರಿಂದ 0.4ಕ್ಕೆ ಏರಿತು, ಒಬ್ಬ ವ್ಯಕ್ತಿ ಎಲ್ಲವನ್ನೂ ಒಟ್ಟಿಗೆ ಇಳಿಸಿ ಹೇಳಿದಾಗ ಪಾಲಿನ ಲೆಕ್ಕದಲ್ಲಿ ಆ ದೋಷದ ಒಂದಂಶ ವಜಾ ಆಗುವುದೇ ಇದಕ್ಕೆ ಕಾರಣ.

ಧೂಮಪಾನಕ್ಕೆ ಕೋಟಿನಿನ್ ಪರೀಕ್ಷೆ ಇದೆಯಲ್ಲ, ಅದನ್ನೇ ಬಳಸಿದರೆ ಸಮಸ್ಯೆ ಮುಗಿಯುವುದಿಲ್ಲವೇ?

ಈಚಿನ ದಿನಗಳ ಮಟ್ಟಿಗೆ ಮುಗಿಯುತ್ತದೆ. ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿದರೆ, ಅದರಿಂದ ಉಂಟಾಗುವ ಕೋಟಿನಿನ್‌ಗೆ ಸುಮಾರು 16ರಿಂದ 20 ಗಂಟೆ ಬೇಕು. ಆದ್ದರಿಂದ ರಕ್ತ, ಜೊಲ್ಲು ಅಥವಾ ಮೂತ್ರದಲ್ಲಿ ಅದನ್ನು ಅಳೆದರೆ ಕಳೆದ ಎರಡು ಮೂರು ದಿನಗಳ ಚಿತ್ರ ಸಿಗುತ್ತದೆ. ಇಷ್ಟಕ್ಕಿಂತ ಹೆಚ್ಚಿದ್ದರೆ ಸೇದುವವರು ಎಂದು ಒಂದು ಗಡಿ ಹಾಕಿಕೊಳ್ಳುತ್ತಾರೆ. ಗರ್ಭಿಣಿಯರಲ್ಲಿ ಕೋಟಿನಿನ್ ಇನ್ನೂ ಬೇಗ ಇಳಿಯುವುದರಿಂದ ಅದೇ ಗಡಿಯನ್ನು ಅವರಿಗೂ ಬಳಸಿದರೆ ಸೇದುವವರು ಜಾರಿಕೊಳ್ಳುತ್ತಾರೆ. ಗಡಿಯ ಸಂಖ್ಯೆಯೂ ಸ್ಥಿರವಲ್ಲ: ರಕ್ತದ ಮಿಲಿಲೀಟರಿಗೆ ಸುಮಾರು 15 ನ್ಯಾನೋಗ್ರಾಂ ಎಂಬ ಗಡಿ ಬಹುಕಾಲ ಬಳಕೆಯಲ್ಲಿತ್ತು; ಸಾರ್ವಜನಿಕ ಸ್ಥಳಗಳಲ್ಲಿ ಹೊಗೆ ಕಡಿಮೆಯಾದ ಮೇಲೆ ಅಮೆರಿಕದ ಮಾಹಿತಿಯ ಆಧಾರದಲ್ಲಿ 2009ರಲ್ಲಿ 3 ನ್ಯಾನೋಗ್ರಾಂ ಎಂದು ಸೂಚಿಸಲಾಯಿತು.

ನಮ್ಮಲ್ಲಿ ದೊಡ್ಡ ತೊಡಕು ಬೇರೆಯದು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವವರಲ್ಲೂ ಕೋಟಿನಿನ್ ಏರುತ್ತದೆ, ಒಂದು ಬೀಡಿಯನ್ನೂ ಮುಟ್ಟದಿದ್ದರೂ. ಜಗಿಯುವ ಅಭ್ಯಾಸವಿರುವ ಕಡೆ ಕೋಟಿನಿನ್ ಒಂದನ್ನೇ ನೆಚ್ಚಿ ಸುಳ್ಳು ಹೇಳಿದವರನ್ನು ಪತ್ತೆಹಚ್ಚಲು ಹೊರಟರೆ ನಿಜ ಹೇಳಿದವರೇ ಸುಳ್ಳರಾಗುತ್ತಾರೆ. ಉಸಿರಿನ ಕಾರ್ಬನ್ ಮೊನಾಕ್ಸೈಡ್ ಹೊಗೆಯನ್ನು ಪ್ರತ್ಯೇಕಿಸಲು ನೆರವಾಗುತ್ತದೆ, ಆದರೆ ಅದು ಕೆಲವೇ ಗಂಟೆಗಳ ಸಾಕ್ಷಿ. ಮೂವತ್ತು ವರ್ಷಗಳ ಸೇವನೆಯನ್ನು ಹೇಳುವ ರಕ್ತಪರೀಕ್ಷೆ ನಿತ್ಯದ ಬಳಕೆಯಲ್ಲಿಲ್ಲ. ಅದಕ್ಕೆ ಮತ್ತೆ ವ್ಯಕ್ತಿಯ ಮಾತೇ ಆಧಾರ.

ತಿದ್ದುವುದು ಎಂದರೆ ನಿಜಕ್ಕೂ ಏನು ಮಾಡುತ್ತಾರೆ? ಒಂದು ಉದಾಹರಣೆ ಕೊಡಿ.

ಹೆಚ್ಚು ಬಳಕೆಯಲ್ಲಿರುವ ವಿಧಾನದ ಹೆಸರು ರಿಗ್ರೆಶನ್ ಕ್ಯಾಲಿಬ್ರೇಶನ್. ಇಡೀ ಅಧ್ಯಯನದವರಿಗೆ ಅಗ್ಗದ ಪ್ರಶ್ನಾವಳಿಯನ್ನೂ, ಅವರಲ್ಲಿ ಒಂದು ಸಣ್ಣ ಗುಂಪಿಗೆ ಪ್ರಶ್ನಾವಳಿಯ ಜೊತೆ ದುಬಾರಿಯಾದ ಉತ್ತಮ ಅಳತೆಯನ್ನೂ ಕೊಡುತ್ತಾರೆ. ಪ್ರಶ್ನಾವಳಿಯ ಉತ್ತರ ಇಷ್ಟಿದ್ದರೆ ನಿಜವಾದ ಸೇವನೆ ಸರಾಸರಿ ಎಷ್ಟಿರುತ್ತದೆ ಎಂಬ ಸಮೀಕರಣವನ್ನು ಆ ಸಣ್ಣ ಗುಂಪಿನಿಂದ ಪಡೆದು, ಎಲ್ಲರ ಉತ್ತರದ ಜಾಗದಲ್ಲಿ ಆ ನಿರೀಕ್ಷಿತ ಸೇವನೆಯನ್ನಿಟ್ಟು ವಿಶ್ಲೇಷಿಸುತ್ತಾರೆ. ಒಂದೇ ಅಂಶವಿರುವ ಸರಳ ಸಂದರ್ಭದಲ್ಲಿ ಇದು ಕಂಡ ಗುಣಾಂಕವನ್ನು ಕುಗ್ಗಿಸುವ ಗುಣಾಂಕದಿಂದ ಭಾಗಿಸಿದಂತೆಯೇ.

ರೋಸ್ನರ್, ವಿಲೆಟ್ ಮತ್ತು ಸ್ಪೀಗಲ್‌ಮನ್ 1989ರಲ್ಲಿ ಇದನ್ನು ಅಮೆರಿಕದ ದಾದಿಯರ ಆರೋಗ್ಯ ಅಧ್ಯಯನಕ್ಕೆ ಅನ್ವಯಿಸಿದರು. ಪ್ರಶ್ನಾವಳಿ ತುಂಬಿದವರು 89,538 ಹೆಂಗಸರು. ಆಹಾರ ತೂಗಿ ದಿನಚರಿ ಬರೆದವರು 173. ದಿನಕ್ಕೆ 10 ಗ್ರಾಂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬಿಗೆ ಸ್ತನ ಕ್ಯಾನ್ಸರಿನ ಸಾಪೇಕ್ಷ ಅಪಾಯ ತಿದ್ದುವ ಮೊದಲು 0.92, ತಿದ್ದಿದ ಮೇಲೆ 0.83. ಹತ್ತು ದೇಶಗಳ ಸುಮಾರು 5,20,000 ಜನರನ್ನೊಳಗೊಂಡ ಯುರೋಪಿನ ‘ಎಪಿಕ್’ ಅಧ್ಯಯನದಲ್ಲಿ ನಾರಿನಂಶ ಅತಿ ಹೆಚ್ಚು ತಿನ್ನುವ ಐದನೇ ಒಂದು ಭಾಗದವರನ್ನು ಅತಿ ಕಡಿಮೆ ತಿನ್ನುವವರೊಂದಿಗೆ ಹೋಲಿಸಿದಾಗ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ 0.75 ಇತ್ತು, 24 ಗಂಟೆಯ ಆಹಾರದ ವಿವರಗಳಿಂದ ತಿದ್ದಿದ ಮೇಲೆ 2003ರಲ್ಲಿ ವರದಿಯಾದದ್ದು 0.58.

ಹಾಗಾದರೆ ತಿದ್ದಿದ ಫಲಿತಾಂಶ ಹೆಚ್ಚು ಖಚಿತ ಎನ್ನಬಹುದೇ?

ಇಲ್ಲ. ಮೇಲಿನ ದಾದಿಯರ ಉದಾಹರಣೆಯಲ್ಲೇ 95 ಪ್ರತಿಶತ ವಿಶ್ವಾಸ ವ್ಯಾಪ್ತಿ (ಅಂದಾಜಿನ ಅನಿಶ್ಚಿತತೆಯನ್ನು ತೋರಿಸುವ ಮೇಲಿನ, ಕೆಳಗಿನ ಮಿತಿಗಳು) 0.80–1.05 ಇದ್ದದ್ದು ತಿದ್ದಿದ ಮೇಲೆ 0.61–1.12 ಆಯಿತು. ಎರಡೂ 1ನ್ನು ಒಳಗೊಂಡಿವೆ: ಮೊದಲು ಸಾಬೀತಾಗದ್ದು ಆಮೇಲೂ ಸಾಬೀತಾಗಲಿಲ್ಲ. ಭಾಗಾಕಾರ ಹೊಸ ಮಾಹಿತಿಯನ್ನು ತರುವುದಿಲ್ಲ, ಇರುವ ಅನಿಶ್ಚಿತತೆಯನ್ನು ಅದರ ನಿಜವಾದ ಅಗಲಕ್ಕೆ ಬಿಚ್ಚಿಡುತ್ತದೆ. ತಿದ್ದಿದ ಮೇಲೆ ಅಂಕಿ ಬದಲಾಗಿ ವ್ಯಾಪ್ತಿ ಮಾತ್ರ ಮೊದಲಿನಷ್ಟೇ ಕಿರಿದಾಗಿರುವ ಲೇಖನ ಕಂಡರೆ, ಕುಗ್ಗಿಸುವ ಗುಣಾಂಕವನ್ನು ದೋಷವೇ ಇಲ್ಲದ ಸಂಖ್ಯೆಯಂತೆ ಬಳಸಿದ್ದಾರೆಯೇ, ಅಷ್ಟಕ್ಕೂ ವ್ಯಾಪ್ತಿಯನ್ನು ಭಾಗಿಸಿದ್ದಾರೆಯೇ ಎಂದು ನೋಡುವುದು ಒಳ್ಳೆಯದು.

## ಮುಂದುವರಿದ ಪ್ರಶ್ನೆಗಳು

ಅಳತೆಯ ದೋಷ ಯಾವಾಗಲೂ ಸಂಬಂಧವನ್ನು ಕುಗ್ಗಿಸುತ್ತದೆ, ಆದ್ದರಿಂದ ಕಂಡ ಫಲಿತಾಂಶ ಕನಿಷ್ಠ ಮಿತಿ ಎಂದು ಪಾಠದಲ್ಲಿ ಹೇಳಿದ್ದಾರೆ. ಇದು ಸರಿಯೇ?

ಈ ವಾಕ್ಯ ಅನೇಕ ಲೇಖನಗಳ ಕೊನೆಯ ಭಾಗದಲ್ಲಿ ಸಮಾಧಾನದ ಮಾತಿನಂತೆ ಬರುತ್ತದೆ, ಮತ್ತು ಬಹಳ ಸಲ ತಪ್ಪಾಗಿರುತ್ತದೆ. ಅಧ್ಯಯನದಲ್ಲಿರುವುದು ಒಂದೇ ಅಂಶ, ದೋಷ ಯಾದೃಚ್ಛಿಕ, ರೋಗಕ್ಕೂ ದೋಷಕ್ಕೂ ನಂಟಿಲ್ಲ ಎಂದಾದರೆ ಮಾತ್ರ ಅದನ್ನು ನೆಚ್ಚಬಹುದು. ಎರಡು ಅಂಶಗಳು ಬಂದ ಕೂಡಲೇ ದೋಷ ಯಾವುದರಲ್ಲಿದೆ ಎಂಬುದೇ ಮುಖ್ಯವಾಗುತ್ತದೆ.

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಕಲ್ಪಿತ, ಗಣಿತ ನಿಜ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನ ಮಾತ್ರ ಕಾರಣ, ತರಕಾರಿಗೆ ಯಾವ ಪಾತ್ರವೂ ಇಲ್ಲ ಎಂದಿಟ್ಟುಕೊಳ್ಳಿ. ಹೆಚ್ಚು ಸೇದುವವರು ಕಡಿಮೆ ತರಕಾರಿ ತಿನ್ನುತ್ತಾರೆ. ಇವೆರಡರ ನಡುವಿನ ಸಹಸಂಬಂಧ −0.3. ಎರಡನ್ನೂ ಒಂದೇ ಮಾನಕ ವಿಚಲನೆಯ ಅಳತೆಗೆ ತಂದು, ಧೂಮಪಾನ ಒಂದು ವಿಚಲನೆಯಷ್ಟು ಏರಿದರೆ ಅಪಾಯದ ಲಾಗರಿದಂ 1ರಷ್ಟು ಏರುತ್ತದೆ ಎನ್ನೋಣ. ಧೂಮಪಾನವನ್ನು ಪರಿಗಣಿಸದೆ ನೋಡಿದರೆ ತರಕಾರಿಯ ಸಾಪೇಕ್ಷ ಅಪಾಯ ಸುಮಾರು 0.74 ಎಂದು ಕಾಣುತ್ತದೆ. ಧೂಮಪಾನವನ್ನು ದೋಷವಿಲ್ಲದೆ ಅಳೆದು ಸೇರಿಸಿದರೆ ಅದು 1ಕ್ಕೆ ಮರಳುತ್ತದೆ. ಆದರೆ ಧೂಮಪಾನದ ಅಳತೆಯ ವಿಶ್ವಾಸಾರ್ಹತೆ (ಅಳೆದ ಏರಿಳಿತದಲ್ಲಿ ನಿಜವಾದ ಏರಿಳಿತದ ಪಾಲು) 0.6 ಆಗಿದ್ದರೆ, ತರಕಾರಿಯನ್ನು ಎಷ್ಟೇ ಸರಿಯಾಗಿ ಅಳೆದರೂ ಅದರ ಅಪಾಯ 0.88ರಲ್ಲಿ ನಿಂತುಬಿಡುತ್ತದೆ. ಧೂಮಪಾನದಿಂದ ಕಳೆದುಹೋದ ಪರಿಣಾಮದ ಒಂದು ಪಾಲು ತರಕಾರಿಯ ಖಾತೆಗೆ ಜಮಾ ಆಗಿದೆ. ಅಧ್ಯಯನ ದೊಡ್ಡದಾದಷ್ಟೂ ಈ ಸುಳ್ಳು ರಕ್ಷಣೆಯ ಸಂಖ್ಯಾಶಾಸ್ತ್ರೀಯ ಮಹತ್ವ ಏರುತ್ತದೆ. ಲೇಖನದಲ್ಲಿ ‘ಧೂಮಪಾನಕ್ಕೆ ಸರಿಹೊಂದಿಸಲಾಗಿದೆ’ ಎಂಬ ಸಾಲು ಮಾತ್ರ ಇದ್ದರೆ ಓದುಗರಿಗೆ ಇದು ಕಾಣುವುದೇ ಇಲ್ಲ.

ಇದು ಬರೀ ಗಣಿತವಾಗಿ ಉಳಿದಿಲ್ಲ. ಬೀಟಾ ಕ್ಯಾರೊಟಿನ್ ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ವೀಕ್ಷಣಾ ಅಧ್ಯಯನಗಳು ಸಾಲುಸಾಲಾಗಿ ಹೇಳಿದ ಮೇಲೆ ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ಪ್ರಯೋಗ ನಡೆಯಿತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪ್ರತಿಶತ ಹೆಚ್ಚು ಎಂದು 1994ರಲ್ಲಿ ವರದಿಯಾಯಿತು. ಅಮೆರಿಕದಲ್ಲಿ 18,314 ಜನರ ಮೇಲೆ, ರೆಟಿನಾಲನ್ನೂ (ವಿಟಮಿನ್ ಎ) ಸೇರಿಸಿ ನಡೆಸಿದ ಇನ್ನೊಂದು ಪ್ರಯೋಗದಲ್ಲಿ 28 ಪ್ರತಿಶತ ಹೆಚ್ಚು. ಮಾತ್ರೆಯ ಪ್ರಮಾಣ ಆಹಾರದಲ್ಲಿರುವುದಕ್ಕಿಂತ ಬಹಳ ದೊಡ್ಡದು, ತರಕಾರಿಯಲ್ಲಿ ಇನ್ನೂ ಎಷ್ಟೋ ಅಂಶಗಳಿವೆ ಎಂಬ ವಿವರಣೆಗಳಿಗೂ ಜಾಗವಿದೆ. ಆದರೂ ಧೂಮಪಾನದ ಒರಟು ಅಳತೆಯೇ ಆ ಹಿಂದಿನ ರಕ್ಷಣೆಯ ಒಂದು ಭಾಗವನ್ನು ಸೃಷ್ಟಿಸಿತ್ತು ಎಂಬ ಸಂದೇಹ ಬಲವಾದುದು. ಆಹಾರದ ಅಧ್ಯಯನವನ್ನು ತಿದ್ದಲು ಹೊರಟವರು ಮೊದಲು ಧೂಮಪಾನದ ಅಳತೆಯನ್ನು ನೋಡಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ. ತರಕಾರಿಯನ್ನು ಮಾತ್ರ ತಿದ್ದಿದರೆ ಸುಳ್ಳು ಸಂಬಂಧವನ್ನೇ ಇನ್ನಷ್ಟು ಹಿಗ್ಗಿಸಿದಂತಾಗುತ್ತದೆ.

ಗಂಡನ ಹೊಗೆಯಿಂದ ಹೆಂಡತಿಗೆ ಕ್ಯಾನ್ಸರ್ ಎನ್ನುತ್ತಾರೆ. ಕೆಲವು ಹೆಂಗಸರು ತಾವೇ ಸೇದಿದ್ದನ್ನು ಮುಚ್ಚಿಟ್ಟಿರಬಹುದಲ್ಲ?

ನ್ಯಾಯವಾದ ಆಕ್ಷೇಪ. 1981ರಲ್ಲಿ ಹಿರಯಾಮ ಅವರು ಧೂಮಪಾನ ಮಾಡದ 91,540 ಜಪಾನಿ ಹೆಂಡತಿಯರ ಅಧ್ಯಯನವನ್ನು ಪ್ರಕಟಿಸಿದ ನಂತರ ಬಂದ ಟೀಕೆಗಳಲ್ಲಿ ಇದೂ ಒಂದು. ಸೇದುವವರು ಸೇದುವವರನ್ನೇ ಮದುವೆಯಾಗುವುದು ಹೆಚ್ಚು. ಆದ್ದರಿಂದ ಮುಚ್ಚಿಟ್ಟವರು ಸೇದುವ ಗಂಡಂದಿರ ಗುಂಪಿನಲ್ಲೇ ಹೆಚ್ಚಾಗಿ ಸೇರಿ ಅಪಾಯವನ್ನು ಹಿಗ್ಗಿಸುತ್ತಾರೆ. ಇಲ್ಲಿ ದೋಷ ಸಂಬಂಧವನ್ನು ಕುಗ್ಗಿಸುವುದಿಲ್ಲ, ಊದಿಸುತ್ತದೆ. ಧೂಮಪಾನಿಗಳ ಮನೆಯ ಊಟದಲ್ಲಿ ಹಣ್ಣು ತರಕಾರಿ ಕಡಿಮೆ ಎಂಬುದೂ ಅದೇ ದಿಕ್ಕಿಗೆ ಎಳೆಯುತ್ತದೆ. ಎದುರು ದಿಕ್ಕಿನಲ್ಲೂ ಒಂದು ದೋಷವಿದೆ: ಗಂಡ ಸೇದದಿದ್ದರೂ ಕಚೇರಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಹೊಗೆ ತಾಗುವುದರಿಂದ ಹೋಲಿಕೆಯ ಗುಂಪೂ ಪೂರ್ತಿ ಶುದ್ಧವಲ್ಲ.

ಹ್ಯಾಕ್‌ಶಾ, ಲಾ ಮತ್ತು ವಾಲ್ಡ್ 1997ರಲ್ಲಿ 37 ಅಧ್ಯಯನಗಳನ್ನು ಒಟ್ಟುಗೂಡಿಸಿ ಈ ಮೂರನ್ನೂ ಒಂದೊಂದಾಗಿ ಲೆಕ್ಕಕ್ಕೆ ತೆಗೆದುಕೊಂಡರು. ತಿದ್ದುವ ಮೊದಲು ಹೆಚ್ಚುವರಿ ಅಪಾಯ 24 ಪ್ರತಿಶತ. ಎಲ್ಲವನ್ನೂ ತಿದ್ದಿದ ಮೇಲೆ 26 ಪ್ರತಿಶತ. ಕೊನೆಗೆ ಅಂಕಿ ಬದಲಾಗಲೇ ಇಲ್ಲವಲ್ಲ ಎಂದು ಕೆಲವರು ಇದನ್ನು ಹಗುರವಾಗಿ ಕಾಣುತ್ತಾರೆ. ಒಂದು ಗಂಭೀರ ಆಕ್ಷೇಪಕ್ಕೆ ಮಾತಿನ ಬದಲು ಪ್ರಮಾಣದಿಂದ ಉತ್ತರ ಸಿಕ್ಕಿತು ಎಂಬುದನ್ನು ಅವರು ಗಮನಿಸುವುದಿಲ್ಲ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಲೆಕ್ಕ ಇದು.

ರೋಗ ಬಂದವರು ಹೆಚ್ಚು ನೆನಪಿಸಿಕೊಂಡು ಹೇಳುತ್ತಾರಲ್ಲ, ಅದನ್ನು ತಿದ್ದಬಹುದೇ?

ಮೇಲೆ ಹೇಳಿದ ಸಾಮಾನ್ಯ ವಿಧಾನಗಳಿಂದ ಆಗದು. ಅವೆಲ್ಲ ದೋಷವು ರೋಗವನ್ನು ಅವಲಂಬಿಸಿಲ್ಲ ಎಂಬ ಊಹೆಯ ಮೇಲೆ ನಿಂತಿವೆ. ರೋಗಿಗಳಲ್ಲಿ ಮತ್ತು ಆರೋಗ್ಯವಂತರಲ್ಲಿ ತಪ್ಪಿನ ಪ್ರಮಾಣವನ್ನು ಬೇರೆ ಬೇರೆಯಾಗಿ ಅಳೆದಿದ್ದರೆ ಮಾತ್ರ ದಾರಿಯಿದೆ. ಇಲ್ಲದಿದ್ದರೆ ತಪ್ಪು ಹೀಗಿದ್ದರೆ ಫಲಿತಾಂಶ ಹೀಗೆ, ಹಾಗಿದ್ದರೆ ಹಾಗೆ ಎಂದು ಹಲವು ಊಹೆಗಳಡಿ ಲೆಕ್ಕ ತೋರಿಸಬೇಕು. ಭಾರತದ 11 ಲಕ್ಷ ಮನೆಗಳ ಸಮೀಕ್ಷೆಯ ಆಧಾರದಲ್ಲಿ ಧೂಮಪಾನ ಮತ್ತು ಸಾವಿನ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀರಿಕೊಂಡವರ ಅಭ್ಯಾಸವನ್ನು ಹೇಳಿದವರು ಮನೆಯವರು. ಅಂಥ ಕಡೆ ‘ಸೇದುತ್ತಿದ್ದರೇ, ಇಲ್ಲವೇ’ ಎಂಬ ಪ್ರಶ್ನೆಗೆ ಸಿಗುವ ಉತ್ತರ ‘ದಿನಕ್ಕೆ ಎಷ್ಟು’ ಎಂಬುದಕ್ಕಿಂತ ಹೆಚ್ಚು ನಂಬಲರ್ಹ.

ಪ್ರಶ್ನಾವಳಿಯನ್ನು 24 ಗಂಟೆಯ ಲೆಕ್ಕದಿಂದ ತಿದ್ದಿದರೆ ಸಾಲದೇ? ಮೂತ್ರಪರೀಕ್ಷೆ ನಮಗೆ ಎಟುಕುವುದಿಲ್ಲ.

ಏನೂ ಮಾಡದಿರುವುದಕ್ಕಿಂತ ಸಾಮಾನ್ಯವಾಗಿ ಮೇಲು, ಆದರೆ ಒಂದು ಬಿರುಕು ಉಳಿಯುತ್ತದೆ. ತಿದ್ದುವಿಕೆಗೆ ಆಧಾರವಾಗುವ ಅಳತೆಯ ತಪ್ಪು ಪ್ರಶ್ನಾವಳಿಯ ತಪ್ಪಿನಿಂದ ಸ್ವತಂತ್ರವಾಗಿರಬೇಕು. ಸಿಹಿ ತಿಂದದ್ದನ್ನು ಪ್ರಶ್ನಾವಳಿಯಲ್ಲಿ ಬಿಟ್ಟವರು ಮುಖಾಮುಖಿ ಕೇಳಿದಾಗಲೂ ಬಿಡುತ್ತಾರೆ. ಎರಡೂ ಒಂದೇ ಬಾಯಿಂದ ಬಂದ ಕಾರಣ ಅವು ಪರಸ್ಪರ ಹೊಂದಿಕೊಂಡು, ಪ್ರಶ್ನಾವಳಿ ಇರುವುದಕ್ಕಿಂತ ಉತ್ತಮವಾಗಿ ತೋರುತ್ತದೆ. ಪರಿಣಾಮವಾಗಿ ತಿದ್ದುವಿಕೆ ಸಾಲದೇ ಹೋಗುತ್ತದೆ. ಓಪನ್ ಅಧ್ಯಯನ ತೋರಿಸಿದ್ದು ಇದನ್ನೇ.

ಸಿಮೆಕ್ಸ್, ಮಲ್ಟಿಪಲ್ ಇಂಪ್ಯುಟೇಶನ್, ಬೇಸಿಯನ್ ವಿಧಾನ ಎಂದೆಲ್ಲ ಇವೆ. ಯಾವುದನ್ನು ಆರಿಸಲಿ?

ದೋಷದ ಪ್ರಮಾಣ ಗೊತ್ತಿದ್ದರೆ ಕುಕ್ ಮತ್ತು ಸ್ಟೆಫಾನ್ಸ್ಕಿ 1994ರಲ್ಲಿ ಮುಂದಿಟ್ಟ ಸಿಮೆಕ್ಸ್ ಕಲಿಸಲೂ ಕಲಿಯಲೂ ಹಿತವಾದದ್ದು: ಬೇಕೆಂದೇ ಇನ್ನಷ್ಟು ದೋಷವನ್ನು ಸೇರಿಸುತ್ತ ಫಲಿತಾಂಶ ಹೇಗೆ ಕೆಡುತ್ತದೆ ಎಂದು ನೋಡಿ, ಆ ರೇಖೆಯನ್ನು ದೋಷವೇ ಇಲ್ಲದ ಬಿಂದುವಿನವರೆಗೆ ಹಿಂದಕ್ಕೆ ಎಳೆಯುವುದು. ನಿಜವಾದ ಅಳತೆಯೇ ಒಂದು ಗುಂಪಿನಲ್ಲಿ ಲಭ್ಯವಿದ್ದರೆ ಉಳಿದವರಲ್ಲಿ ಅದು ಕಾಣೆಯಾಗಿದೆ ಎಂದು ಬಗೆದು ಇಂಪ್ಯುಟೇಶನ್, ಅಂದರೆ ಕಾಣೆಯಾದ ಬೆಲೆಗಳನ್ನು ಅಂದಾಜಿಸಿ ತುಂಬುವುದನ್ನು, ಮಾಡಬಹುದು. ಆಗ ರೋಗದ ಸ್ಥಿತಿಯನ್ನೂ ಮಾದರಿಯಲ್ಲಿ ಸೇರಿಸಲು ಮರೆಯಬಾರದು. ಸೇದುವರು, ಸೇದರು ಎಂಬಂಥ ವರ್ಗಗಳಿಗೆ ಸಂವೇದನಶೀಲತೆ (ಸೇದುವವರಲ್ಲಿ ಸರಿಯಾಗಿ ಗುರುತಾದವರ ಪಾಲು) ಮತ್ತು ನಿರ್ದಿಷ್ಟತೆಗಳಿಂದ (ಸೇದದವರಲ್ಲಿ ಸರಿಯಾಗಿ ಗುರುತಾದವರ ಪಾಲು) ಕೋಷ್ಟಕವನ್ನು ತಿದ್ದುವ ಹಳೆಯ ವಿಧಾನ ಸಾಕು. ವಿಧಾನದ ಆಯ್ಕೆಗಿಂತ ದೋಷದ ಬಗ್ಗೆ ನಿಮ್ಮ ಬಳಿ ಮಾಹಿತಿ ಇದೆಯೇ ಎಂಬುದು ನೂರು ಪಾಲು ದೊಡ್ಡ ಪ್ರಶ್ನೆ.

ಮನೆಯ ತಿಂಗಳ ಎಣ್ಣೆಯನ್ನು ತಲೆಗಿಷ್ಟು ಎಂದು ಹಂಚುತ್ತೇವೆ. ಇದೂ ಅದೇ ಬಗೆಯ ದೋಷವೇ?

ಅಲ್ಲ. ಇಲ್ಲಿ ಕೊಟ್ಟ ಸಂಖ್ಯೆಯ ಸುತ್ತ ನಿಜವಾದ ಸೇವನೆ ಚದುರಿರುತ್ತದೆ, ನಿಜದ ಸುತ್ತ ಅಳತೆ ಚದುರಿರುವುದಲ್ಲ. ಇದನ್ನು ಬರ್ಕ್‌ಸನ್ ದೋಷ ಎನ್ನುತ್ತಾರೆ. ಇದು ಸರಳ ರೇಖೀಯ ಸಂಬಂಧವನ್ನು ಕುಗ್ಗಿಸುವುದಿಲ್ಲ, ನಿಖರತೆಯನ್ನು ಮಾತ್ರ ತಗ್ಗಿಸುತ್ತದೆ. ಭಾಗಿಸಿ ತಿದ್ದಿದರೆ ತಪ್ಪಾಗುತ್ತದೆ. ಆದರೆ ಗಂಡಸರಿಗೆ ಹೆಚ್ಚು, ಹೆಂಗಸರಿಗೆ ಕಡಿಮೆ ಬಡಿಸುವ ಮನೆಗಳಲ್ಲಿ ತಲೆಗಿಷ್ಟು ಎಂಬ ಲೆಕ್ಕವೇ ವಾಲಿರುತ್ತದೆ. ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಪಾಲು ಹಾಕಿದರೆ ಆ ವಾಲಿಕೆ ಸ್ವಲ್ಪ ತಗ್ಗುತ್ತದೆ.

ಸ್ನಾತಕೋತ್ತರ ಪ್ರಬಂಧಕ್ಕಾಗಿ ಒಂದೇ ತಾಲ್ಲೂಕಿನ 300 ಜನರ ಅಧ್ಯಯನ ಮಾಡುತ್ತಿದ್ದೇನೆ. ಹಣವಿಲ್ಲ. ಏನು ಮಾಡಬಹುದು?

ಐವತ್ತು ಅರವತ್ತು ಜನರನ್ನು ಚೀಟಿ ಎತ್ತಿ ಆರಿಸಿ, ಅವರ 24 ಗಂಟೆಯ ಆಹಾರವನ್ನು ಇನ್ನೊಮ್ಮೆ, ಸಾಧ್ಯವಾದರೆ ಇನ್ನೆರಡು ಸಲ ಬರೆದುಕೊಳ್ಳಿ. ದಿನಗಳು ಒಂದರ ಬೆನ್ನಿಗೆ ಒಂದು ಬರದಿರಲಿ, ಅವುಗಳಲ್ಲಿ ಒಂದು ಭಾನುವಾರವೋ ಸಂತೆಯ ದಿನವೋ ಆಗಿರಲಿ. ಒಬ್ಬರದೇ ದಿನಗಳ ನಡುವಿನ ಏರಿಳಿತವನ್ನು ಜನರ ನಡುವಿನ ಏರಿಳಿತದಿಂದ ಬೇರ್ಪಡಿಸಲು ಅಷ್ಟು ಸಾಕು. ಅವಸರದಲ್ಲಿ ಕೇಳಬೇಡಿ. ಅಡುಗೆ ಮಾಡಿದವರು ಪಕ್ಕದಲ್ಲಿರುವ ಹೊತ್ತು ನೋಡಿ ಹೋಗಿ, ಮನೆಯ ಸೌಟು ಲೋಟಗಳನ್ನು ನೀರು ತುಂಬಿ ಅಳೆದುಕೊಳ್ಳಿ. ಧೂಮಪಾನದ ಪ್ರಶ್ನೆಯನ್ನು ಮನೆಯವರ ಎದುರು ಕೇಳದೆ ಬೇರೆಯಾಗಿ ಕೇಳಿ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳಿಗೆ ಬೇರೆ ಬೇರೆ ಸಾಲುಗಳಿರಲಿ. ಬೇರೆ ದೇಶದ ಕುಗ್ಗಿಸುವ ಗುಣಾಂಕವನ್ನು ಎರವಲು ತಂದು ಭಾಗಿಸಬೇಡಿ: ಆ ಗುಣಾಂಕ ಪ್ರಶ್ನಾವಳಿಯ ಗುಣ ಮಾತ್ರವಲ್ಲ, ಅಲ್ಲಿನ ಜನರ ಊಟ ಒಬ್ಬರಿಂದೊಬ್ಬರಿಗೆ ಎಷ್ಟು ಭಿನ್ನ ಎಂಬುದನ್ನೂ ಅವಲಂಬಿಸಿದೆ. ಊರಿನವರೆಲ್ಲ ಬಹುತೇಕ ಒಂದೇ ಬಗೆಯ ಊಟ ಮಾಡುವ ತಾಲ್ಲೂಕಿನಲ್ಲಿ ಅದೇ ಪ್ರಶ್ನಾವಳಿಯ ಗುಣಾಂಕ ಇನ್ನೂ ಕೆಳಗಿರುತ್ತದೆ.